ಗಾಲಿ ಸಾವ್ಕಾರ

ಗಾಲಿ ಸಾವ್ಕಾರ ಎಂಬುದು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಈಚೆಗೆ ಕಾಣಿಸಿಕೊಂಡ ಒಂದು ಮನುಷ್ಯ ಪ್ರಭೇದ. ಕರೆಂಟಿನ ಸೆಡಾನ್ ಕಾರು ಕೊಂಡು, ಕಂಪನಿ ಹಾಕಿ ಕೊಟ್ಟ ನಾಲ್ಕು ಗಾಲಿಗಳನ್ನು ಟೈರಿನ ಮೇಲಿನ ರಬ್ಬರ್ ಕೂದಲು ಸವೆಯುವ ಮೊದಲೇ ಬಿಚ್ಚಿಸಿ, ಹೊರಗಿನ ಅಲಾಯ್ ಗಾಲಿ ಹಾಕಿಸಿಕೊಳ್ಳುವುದು ಈ ಪ್ರಭೇದದ ಮುಖ್ಯ ಲಕ್ಷಣ. ವಯಸ್ಸು ಮೂವತ್ತರಿಂದ ಐವತ್ತರೊಳಗೆ. ಕಸುಬು ಬೀಜ-ಗೊಬ್ಬರದ ಅಂಗಡಿ, ಸಣ್ಣ ಗುತ್ತಿಗೆ, ದಾಲ್ ಮಿಲ್ಲಿನಲ್ಲೊಂದು ಪಾಲು ಅಥವಾ ಪ್ರೌಢಶಾಲೆಯ ಮಾಸ್ತರಿಕೆ. ಸಾವ್ಕಾರ ಎಂಬುದು ಊರು ಕೊಟ್ಟ ಬಿರುದು. ಬ್ಯಾಂಕು ಅದನ್ನು ಒಪ್ಪಿದ ದಾಖಲೆಯಿಲ್ಲ.

ಗುರುತು ಹಿಡಿಯುವುದು ಸುಲಭ. ಹೋಟೆಲಿನ ಮುಂದೆ ಕಾರು ನಿಲ್ಲಿಸಿ, ಬಾಗಿಲು ಹಾಕಿ, ನೆಟ್ಟಗೆ ಒಳಗೆ ಹೋಗಿ ಸುಸಲಾ-ಮಿರ್ಚಿ ಹೇಳುವವನು ಸಾಧಾರಣ ಮಾಲೀಕ. ಗಾಲಿ ಸಾವ್ಕಾರ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬರುತ್ತಾನೆ, ಸ್ಟೇರಿಂಗನ್ನು ಅರ್ಧ ಸುತ್ತು ತಿರುವಿ ಮುಂದಿನ ಗಾಲಿಯ ಮುಖ ರಸ್ತೆಗೆ ಕಾಣುವಂತೆ ಮಾಡುತ್ತಾನೆ, ಆಮೇಲೆ ಬಾಗಿಲು ಹಾಕುತ್ತಾನೆ. ಒಳಗೆ ಅವನು ಹಿಡಿಯುವ ಕುರ್ಚಿ ಯಾವಾಗಲೂ ಬಾಗಿಲಿಗೆ ಎದುರಾಗಿರುತ್ತದೆ. ಎದುರಿಗೆ ಬಂದ ಬೀಗರ ಕಾರಿನ ಗಾಲಿಯನ್ನು ಮೊದಲು ನೋಡಿ ಬೀಗರನ್ನು ಆಮೇಲೆ ನೋಡುವುದೂ ಇವನ ರೂಢಿ.

ವಂಶಾವಳಿ

ಈ ಪ್ರಭೇದ ಹೊಸದಾದರೂ ವಂಶ ಹಳೆಯದು. ಎತ್ತಿನ ಬಂಡಿಯ ಕಾಲದಲ್ಲಿ ಗಾಲಿ ಕಟ್ಟುವುದು ಬಡಿಗೇರ-ಕಂಬಾರರಿಬ್ಬರ ಕೆಲಸವಾಗಿತ್ತು. ಬಡಿಗೇರ ಗುಂಬಕ್ಕೆ ಅರಗಳನ್ನು ಕೂಡಿಸಿ ಸುತ್ತ ಕಟ್ಟಿಗೆಯ ಬಳೆ ಕೂರಿಸುತ್ತಿದ್ದ. ಕಂಬಾರ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಹಾಕಿ ನೀರು ಹೊಯ್ದರೆ ಹಳಿ ಕುಗ್ಗಿ ಕಟ್ಟಿಗೆಯನ್ನು ಬಿಗಿಹಿಡಿಯುತ್ತಿತ್ತು. ಗಾಲಿಯ ಎತ್ತರವನ್ನು ತೀರ್ಮಾನಿಸುತ್ತಿದ್ದುದು ಎರೆಹೊಲದ ಕೆಸರು. ಮಾಲೀಕನ ಪಾಲಿಗೆ ಬರುತ್ತಿದ್ದುದು ಬಣ್ಣ, ಗೆಜ್ಜೆ ಮತ್ತು ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಕಟ್ಟುವ ರಿಬ್ಬನ್ನು. ಅಳತೆ ಬಲ್ಲವರದು, ಶೋಕಿ ಉಳ್ಳವರದು ಎಂಬ ಈ ಹಂಚಿಕೆ ತಲೆಮಾರುಗಳ ಕಾಲ ನಡೆದುಬಂತು. ಗಾಲಿ ಸಾವ್ಕಾರನ ಕಾಲಕ್ಕೆ ಅಳತೆಯೂ ಶೋಕಿಯ ಖಾತೆಗೇ ಸೇರಿತು.

ನಡುವೆ ಟ್ರ್ಯಾಕ್ಟರ್ ಬಂದಾಗ ಶೋಕಿ ಟೇಪ್‌ರೆಕಾರ್ಡರಿಗೆ ಹತ್ತಿತು; ಜೀಪು-ಬೊಲೆರೊ ಬಂದಾಗ ಹಾರ್ನು, ಸೈಲೆನ್ಸರ್, ಮುಂದಿನ ಕಬ್ಬಿಣದ ಗಾರ್ಡು, ಗಾಜಿನ ಮೇಲಿನ ಹೆಸರುಗಳಿಗೆ ಹಂಚಿಹೋಯಿತು. ಕರೆಂಟಿನ ಕಾರು ಈ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮುಚ್ಚಿತು. ಅದರಲ್ಲಿ ಸೈಲೆನ್ಸರೇ ಇಲ್ಲ, ಗುಡುಗಿಸುವುದು ಹೇಗೆ? ಆಯಿಲ್ ಬದಲಿಸುವ ಮಾತಿಲ್ಲ, ಗೇರಿನ ಗುಬಟಿಲ್ಲ. ಬಾನೆಟ್ ಎತ್ತಿದರೆ ಕಾಣುವುದು ಒಂದು ಮುಚ್ಚಿದ ಪೆಟ್ಟಿಗೆ ಮತ್ತು ‘ಮುಟ್ಟಬೇಡಿ’ ಎನ್ನುವ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲು. ಮಾಲೀಕನ ಕೈಗೆ ಸಿಗುವಂತೆ ಉಳಿದದ್ದು ನಾಲ್ಕು ಗಾಲಿ ಮಾತ್ರ. ಹಿಂದೆ ಹತ್ತು ಕಡೆ ಹರಿದುಹೋಗುತ್ತಿದ್ದ ಶೋಕಿ ಈಗ ಅಲ್ಲಿಗೇ ಬಂದು ನಿಂತಿದೆ.

ಕಂಪನಿ ಕೊಟ್ಟ ಗಾಲಿಯೂ ಅವನ ಕಿಚ್ಚಿಗೆ ತುಪ್ಪ ಸುರಿಯುತ್ತದೆ. ಅಗ್ಗದ ಕರೆಂಟು ಸೆಡಾನುಗಳಿಗೆ ಬರುವುದು ಕಬ್ಬಿಣದ ಗಾಲಿ, ಮೇಲೆ ಪ್ಲಾಸ್ಟಿಕ್ಕಿನ ವೀಲ್ ಕ್ಯಾಪ್. ಗಾಳಿ ಸಿಕ್ಕಿಹಾಕಿಕೊಳ್ಳದೆ ಜಾರಿಹೋದರೆ ಬ್ಯಾಟರಿ ಉಳಿಯುತ್ತದೆಂದು ಕರೆಂಟಿನ ಕಾರುಗಳ ಗಾಲಿಮುಖವನ್ನು ಸಾಮಾನ್ಯವಾಗಿ ಚಪ್ಪಟೆ ಮಾಡಿ ಮುಚ್ಚಿರುತ್ತಾರೆ. ಗಾಲಿ ಸಾವ್ಕಾರನಿಗೆ ಅದು ಊಟದ ತಾಟು. ಹಸಿರು ನಂಬರ್ ಪ್ಲೇಟು ಹೊತ್ತ ಕಾರು ತಾಟು ಕಟ್ಟಿಕೊಂಡು ತಿರುಗುವುದು ಅವನ ಮರ್ಯಾದೆಯ ಪ್ರಶ್ನೆ. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ಕರ್ನಾಟಕ. ಆದರೆ ಆ ನೀತಿ ವೀಲ್ ಕ್ಯಾಪಿನ ಬಗ್ಗೆ ಮೌನವಾಗಿದೆ.

ತಾಲ್ಲೂಕುವಾರು ಒಳಭೇದ

ಮೂರು ತಾಲ್ಲೂಕುಗಳಲ್ಲಿ ಮೂರು ಒಳಭೇದಗಳಿವೆ. ಆಳಂದದವನಿಗೆ ಮಹಾರಾಷ್ಟ್ರದ ಗಡಿ ಕೂಗಳತೆಯಲ್ಲಿದೆ. ಅವನು ಗಾಲಿ ನೋಡಲು ಸೋಲಾಪುರಕ್ಕೆ ಹೋಗುತ್ತಾನೆ, ಮರಾಠಿಯಲ್ಲಿ ಚೌಕಾಶಿ ಮಾಡುತ್ತಾನೆ, ಕನ್ನಡದಲ್ಲಿ ಪಶ್ಚಾತ್ತಾಪ ಪಡುತ್ತಾನೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಮುಂದೆ ಹಾದುಹೋಗುವಾಗ ವೇಗ ತಗ್ಗಿಸುವುದು ಅವನ ವಿಶೇಷ. ವಿದ್ಯಾರ್ಥಿಗಳ ಸುರಕ್ಷತೆ ಅದಕ್ಕೆ ಎರಡನೆಯ ಕಾರಣ.

ಅಫಜಲಪುರದವನ ಕಾಲಗಣನೆ ಕಬ್ಬಿನದು. ಹವಳಗಾ, ಭೂಸನೂರದ ಕಡೆ ಕಾರ್ಖಾನೆಗಳು ಕಬ್ಬು ನುರಿಸಿ ಬಿಲ್ಲು ಜಮೆ ಮಾಡಿದ ವಾರ ಗಾಲಿಯ ಆಸೆ ಹಣ್ಣಾಗುತ್ತದೆ. ಹುಣ್ಣಿಮೆಗೆ ದೇವಲ ಗಾಣಗಾಪುರದ ದತ್ತಾತ್ರೇಯ, ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿ ಎಂದು ತಿಂಗಳಿಗೆರಡು ಪ್ರದರ್ಶನ ಅವನಿಗೆ ಖಾತ್ರಿ. ಎರಡೂ ಕಡೆ ಜನ ಹೆಚ್ಚು, ಕಾರು ನಿಲ್ಲಿಸಲು ಜಾಗ ಕಡಿಮೆ. ಆದ್ದರಿಂದ ದೇವರಿಗಿಂತ ಮುಂಚೆ ಹೋಗಿ ಮೂಲೆಯ ಜಾಗ ಹಿಡಿಯುತ್ತಾನೆ.

ಜೇವರ್ಗಿಯವನದು ತೊಗರಿ-ಹತ್ತಿಯ ದುಡ್ಡು ಮತ್ತು ರಾಷ್ಟ್ರೀಯ ಹೆದ್ದಾರಿ 50ರ ಗಾಳಿ. ಕಟ್ಟಿಸಂಗಾವಿಯ ಬಳಿ ಭೀಮಾ ಸೇತುವೆ ದಾಟಿ ಕಲಬುರಗಿ ಸೇರಲು ನಲವತ್ತು ಕಿಲೊಮೀಟರಿನ ಆಸುಪಾಸು. ಅಷ್ಟರಲ್ಲಿ ಎಷ್ಟು ಲಾರಿಯವರು ತನ್ನ ಗಾಲಿ ನೋಡಿದರು ಎಂಬ ಲೆಕ್ಕ ಅವನ ಬಳಿ ಇರುತ್ತದೆ. ತೊಗರಿಯ ಲೆಕ್ಕವೂ ಬಾಯಲ್ಲೇ ಇದೆ. 2025-26ನೇ ಸಾಲಿನ ಬೆಂಬಲ ಬೆಲೆ ಕ್ವಿಂಟಲಿಗೆ ₹8,000. ಹದಿನೈದು ಇಂಚಿನ ಸಾಧಾರಣ ಅಲಾಯ್ ನಾಲ್ಕಕ್ಕೆ ಮೂವತ್ತು ಸಾವಿರದ ಆಸುಪಾಸು ಬೀಳುತ್ತದೆ, ಟೈರು ಬೇರೆ. ಅಂದರೆ ಗಾಲಿಗೊಂದು ಕ್ವಿಂಟಲ್ ತೊಗರಿ. ತೆರಿಗೆಯ ವಿಚಾರಕ್ಕೆ ಬಂದರೆ ಕರೆಂಟಿನ ಕಾರಿಗೆ ಜಿಎಸ್‌ಟಿ ಶೇ 5, ಹೊರಗಿನಿಂದ ಕೊಳ್ಳುವ ಗಾಲಿಗೆ 2025ರ ಸೆಪ್ಟೆಂಬರ್ 21ರವರೆಗೆ ಶೇ 28, ಆಮೇಲೆ ಶೇ 18. ಕಾರಿನಲ್ಲಿ ಸರ್ಕಾರ ಬಿಟ್ಟುಕೊಟ್ಟದ್ದನ್ನು ಗಾಲಿಯಲ್ಲಿ ತಾನೇ ಹೋಗಿ ಕಟ್ಟಿಬರುವಷ್ಟು ಉದಾರಿ ಇವನು.

ಆಯ್ಕೆ

ಗಾಲಿ ಆರಿಸಲು ಐದು ಅಂಕಿ ತಿಳಿದಿರಬೇಕು. ಗಾಲಿ ಸಾವ್ಕಾರನಿಗೆ ತಿಳಿದಿರುವುದು ಒಂದು: ಇಂಚು.

ಉದಾಹರಣೆಗೆ 2021ರ ಆಗಸ್ಟ್‌ನಲ್ಲಿ ಬಂದ ಟಾಟಾ ಟಿಗೋರ್ ಇವಿ. ಬ್ಯಾಟರಿ 26 ಕಿಲೊವ್ಯಾಟ್-ಅವರ್, ತೂಕ ಸುಮಾರು 1,235 ಕಿಲೊ, ಟೈರು 175/65 ಆರ್14. ಟೈರಿನ ಅಗಲ 175 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ಶೇ 65, ಗಾಲಿಯ ವ್ಯಾಸ 14 ಇಂಚು ಎಂದು ಇದರ ಅರ್ಥ. ಕೂಡಿಸಿದರೆ ನೆಲದಿಂದ ನೆತ್ತಿಯವರೆಗೆ 583 ಮಿಲಿಮೀಟರ್. ಗಾಲಿ ದೊಡ್ಡದು ಮಾಡಿದಾಗ ಟೈರಿನ ಪಕ್ಕೆ ಇಳಿಸಿ, ಒಟ್ಟು ವ್ಯಾಸ ಶೇ 3ಕ್ಕಿಂತ ಹೆಚ್ಚು ಆಚೀಚೆ ಆಗದಂತೆ ನೋಡಿಕೊಳ್ಳುವುದು ಎಲ್ಲೆಡೆಯ ರೂಢಿ. 15 ಇಂಚಿಗೆ 175/60 ಹಾಕಿದರೆ 591 ಮಿಲಿಮೀಟರ್, 185/55 ಹಾಕಿದರೆ 584.5, ಎರಡೂ ಸರಿ. ಆದರೆ ಅಂಗಡಿಯಲ್ಲಿ ಸದಾ ಸಿದ್ಧವಿರುವುದು ಸ್ವಿಫ್ಟ್-ಡಿಸೈರ್‌ಗಳ 185/65 ಆರ್15. ಅದು 621 ದಾಟುತ್ತದೆ, ಶೇ 6.6ರಷ್ಟು ಹೆಚ್ಚು. ಗಾಲಿ ಸಾವ್ಕಾರ ಕೊಳ್ಳುವುದು ಅದನ್ನೇ, ಯಾಕೆಂದರೆ ಅದು ಇವತ್ತೇ ಸಿಗುತ್ತದೆ ಮತ್ತು ನಾಳೆ ಭಾವಮೈದುನನ ಹೆಂಡತಿಯ ಸೀಮಂತದ ಊಟವಿದೆ.

ಎರಡನೆಯ ಅಂಕಿ ಪಿಸಿಡಿ, ಅಂದರೆ ಬೋಲ್ಟುಗಳು ಎಷ್ಟು, ಯಾವ ವ್ಯಾಸದ ವೃತ್ತದ ಮೇಲೆ ಕೂತಿವೆ ಎಂಬುದು. ನಮ್ಮ ಸಣ್ಣ ಕಾರುಗಳಲ್ಲಿ 4×100 ಹೆಚ್ಚು. 4×98, 4×108 ಕೂಡ ಇವೆ. ನೂರಕ್ಕೂ ತೊಂಬತ್ತೆಂಟಕ್ಕೂ ಇರುವ ಎರಡು ಮಿಲಿಮೀಟರ್ ಕಣ್ಣಿಗೆ ಕಾಣುವುದಿಲ್ಲ. ಬೋಲ್ಟಿಗೆ ಕಾಣುತ್ತದೆ; ಸೊಟ್ಟಗೆ ಕೂತು ಸಡಿಲಾಗುತ್ತದೆ. ಮೂರನೆಯದು ನಡುವಿನ ರಂಧ್ರ. ಅದು ಕಾರಿನ ಹಬ್‌ಗಿಂತ ಸಣ್ಣದಾದರೆ ಗಾಲಿ ಕೂಡದು, ದೊಡ್ಡದಾದರೆ ನಡುವೆ ರಿಂಗು ಹಾಕಬೇಕು. ಹಾಕದಿದ್ದರೆ ಎಂಬತ್ತರ ವೇಗದಲ್ಲಿ ಸ್ಟೇರಿಂಗು ನಡುಗುತ್ತದೆ. ನಾಲ್ಕನೆಯದು ಆಫ್‌ಸೆಟ್. ಆರು ಇಂಚು ಅಗಲದ, 45 ಆಫ್‌ಸೆಟ್ಟಿನ ಗಾಲಿ ತೆಗೆದು ಏಳು ಇಂಚಿನ, 35ರ ಗಾಲಿ ಹಾಕಿದರೆ ಅದರ ಹೊರ ಅಂಚು 23 ಮಿಲಿಮೀಟರ್ ಆಚೆ ಬರುತ್ತದೆ. ಅಷ್ಟು ಸಾಕು, ಮಳೆಗಾಲದಲ್ಲಿ ಎರೆಮಣ್ಣು ಬಾಗಿಲ ಹಿಡಿಕೆಯವರೆಗೆ ಸಿಡಿಯಲು. ಐದನೆಯದು ಭಾರ. ಬ್ಯಾಟರಿ ಹೊತ್ತ ಕಾರು ಅದೇ ಗಾತ್ರದ ಪೆಟ್ರೋಲು ಕಾರಿಗಿಂತ ತೂಕ ಹೆಚ್ಚು. ಟೈರಿನ ಮೇಲೆ 82 ಎಂದಿದ್ದರೆ ಅದು 475 ಕಿಲೊ ಹೊರುತ್ತದೆ. ಕಂಪನಿ ಕೊಟ್ಟ ಅಂಕಿಗಿಂತ ಕೆಳಗೆ ಇಳಿಯಬಾರದು. ಗಾಲಿಯ ಒಳಮೈಯಲ್ಲಿ ಅದು ತಾಳುವ ಭಾರ, ಜೆಡಬ್ಲ್ಯುಎಲ್‌ನಂಥ ಪರೀಕ್ಷೆಯ ಮುದ್ರೆ ಎರಕದಲ್ಲೇ ಇರಬೇಕು. ಅಂಟಿಸಿದ ಸ್ಟಿಕ್ಕರು ಮುದ್ರೆಯಲ್ಲ.

ಈ ಐದರ ಪೈಕಿ ನಾಲ್ಕನ್ನು ಗಾಲಿ ಸಾವ್ಕಾರ ಒಂದೇ ಪ್ರಶ್ನೆಯಲ್ಲಿ ಮುಗಿಸುತ್ತಾನೆ: “ಇವು ನಮ್ಮ ಗಾಡೀಗಿ ಕೂಡ್ತಾವೇನೋ ತಮ್ಮಾ?” ಅಂಗಡಿಯ ಹುಡುಗನ ಉತ್ತರವೂ ನಿಗದಿಯಾಗಿದೆ: “ಕೂಡ್ತಾವ್ರಿ ಸಾವ್ಕಾರ್ರೆ. ಕೂಡ್ಲಿಲ್ಲಂದ್ರ ಕೂಡಸ್ತೀವ್ರಿ.” ಬಣ್ಣದ ಬಗ್ಗೆ ಮಾತ್ರ ಎರಡು ತಾಸು ಚರ್ಚೆ ನಡೆಯುತ್ತದೆ. ಕರಿ, ಬೂದು, ಕರಿಯ ಮೇಲೆ ಕೊರೆದ ಬೆಳ್ಳಿ, ಅಂಚಿಗೆ ಕೆಂಪು ಗೆರೆ ಎಂದು ಇಪ್ಪತ್ತು ಫೋಟೊ ವಾಟ್ಸ್ಯಾಪಿನಲ್ಲಿ ಮನೆಗೆ ಹೋಗುತ್ತವೆ. ಮನೆಯಾಕೆಯ ಅಭಿಪ್ರಾಯ ಒಂದೇ ಸಾಲಿನದು: “ನಿಂತು ನೋಡವ್ರಿಗಿ ಛಂದ ಕಾಣ್ತಾವ ಖರೇ, ಒಳಗ ಕುಂತವ್ರಿಗಿ ಕಾಣ್ತಾವೇನ್ರಿ?” ಇಡೀ ವ್ಯವಹಾರದಲ್ಲಿ ಕೇಳಿಬರುವ ತಾಂತ್ರಿಕ ಪ್ರಶ್ನೆ ಇದೊಂದೇ. ಉತ್ತರವಾಗಿ ಒಂದು ನಗುಮುಖದ ಚಿತ್ರ ಹೋಗುತ್ತದೆ.

ಜೋಡಣೆ

ಕರೆಂಟಿನ ಕಾರನ್ನು ಜ್ಯಾಕಿನಿಂದ ಎತ್ತುವಾಗ ಕಂಪನಿ ಗುರುತಿಸಿದ ಪಕ್ಕದ ಅಂಚುಗಳಿಗೇ ಆನಿಕೆ ಕೊಡಬೇಕು. ನಡುಹೊಟ್ಟೆಯ ಕೆಳಗೆ ಬ್ಯಾಟರಿ ಇದ್ದರೆ ಅಲ್ಲಿ ಜ್ಯಾಕ್ ಇಡುವುದೆಂದರೆ ಕಾರಿನ ಬೆಲೆಯ ದೊಡ್ಡ ಪಾಲನ್ನು ಒಂದು ಕಬ್ಬಿಣದ ತುದಿಯ ಮೇಲೆ ನಿಲ್ಲಿಸಿದಂತೆ. ಹಬ್ಬಿನ ತುಕ್ಕು-ಮಣ್ಣು ಉಜ್ಜಿ ತೆಗೆಯಬೇಕು. ಬೋಲ್ಟಿನ ಕುತ್ತಿಗೆ ಶಂಕುವಿನಾಕಾರವೋ ಗುಂಡಗೋ ಎಂದು ನೋಡಿ ಗಾಲಿಯ ಗುಳಿಗೆ ಹೊಂದಿಸಬೇಕು. ಮೊದಲ ಸುತ್ತುಗಳನ್ನು ಕೈಯಿಂದಲೇ ಹಾಕಿ, ಒಂದು ಬಿಟ್ಟು ಅದರ ಎದುರಿನದನ್ನು ಬಿಗಿಯುತ್ತ, ಕೊನೆಗೆ ಕೈಪಿಡಿ ಹೇಳಿದಷ್ಟೇ ಬಿಗಿತವನ್ನು ಟಾರ್ಕ್ ವ್ರೆಂಚಿನಿಂದ ಕೊಡಬೇಕು; ಸಣ್ಣ ಕಾರುಗಳಿಗೆ ಅದು ಸಾಮಾನ್ಯವಾಗಿ 100 ನ್ಯೂಟನ್-ಮೀಟರಿನ ಆಸುಪಾಸು. ಬಹುಪಾಲು ಕಡೆ ಈ ವ್ರೆಂಚು ಗೋಡೆಗೆ ತೂಗುಹಾಕಿರುತ್ತದೆ, ಬಿಗಿಯುವುದು ಏರ್ ಗನ್. ಗರ್ರ್ ಎಂಬ ಆ ಸದ್ದು ಕೇಳಿ ಗಾಲಿ ಸಾವ್ಕಾರನ ಮುಖ ಅರಳುತ್ತದೆ. ಸದ್ದಿಲ್ಲದ ಕಾರು ಕೊಂಡ ಮೇಲೆ ಅವನ ಗಾಡಿಯಿಂದ ಹೊರಟ ಮೊದಲ ಸದ್ದು ಅದು.

ಬಳಿಕ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್. ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಟೈರು ಎಲ್ಲೂ ಉಜ್ಜುವುದಿಲ್ಲವೆಂದು ನೋಡಬೇಕು. ಐವತ್ತು-ನೂರು ಕಿಲೊಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಆಳಂದದಿಂದ ಕಲಬುರಗಿಗೆ ಒಮ್ಮೆ ಹೋಗಿಬಂದರೆ ಆ ಅವಧಿ ಸರಿಯಾಗಿ ಮುಗಿಯುತ್ತದೆ. ಗಾಲಿ ಸಾವ್ಕಾರ ಮೂವರನ್ನು ಕೂರಿಸಿ ನೋಡುವುದಿಲ್ಲ, ಕೂತವರು ಫೋಟೊಕ್ಕೆ ಅಡ್ಡ ಬರುತ್ತಾರೆ. ಅವನು ಮಾಡುವ ಪರೀಕ್ಷೆ ನಿಂಬೆಹಣ್ಣಿನದು. ಕಲಬುರಗಿಯ ಶರಣಬಸವೇಶ್ವರ ಗುಡಿಯ ಮುಂದೆ ನಾಲ್ಕು ಗಾಲಿಗೆ ನಾಲ್ಕು ಹಣ್ಣು ಇಟ್ಟು ಹಾಯಿಸುತ್ತಾನೆ, ನಾಲ್ಕೂ ಅಪ್ಪಚ್ಚಿಯಾದರೆ ಜೋಡಣೆ ಪಾಸು.

ಸ್ಟೆಪ್ನಿ ಇರುವ ಕಾರುಗಳಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ನಾಲ್ಕು ಅಲಾಯ್ ಹೊಳೆಯುವಾಗ ಐದನೆಯ ಕಬ್ಬಿಣದ ಗಾಲಿ ಡಿಕ್ಕಿಯಲ್ಲಿ ಕಪ್ಪಗೆ ಮಲಗಿರುತ್ತದೆ. ಅಲಾಯಿಗೆಂದು ಉದ್ದದ ಬೋಲ್ಟು ಹಾಕಿಸಿದ್ದರೆ ಸ್ಟೆಪ್ನಿಗೆ ಹಳೆಯ ಬೋಲ್ಟುಗಳೇ ಬೇಕು. ಅವು ಅಂಗಡಿಯ ಡಬ್ಬಿಯಲ್ಲೇ ಉಳಿದಿವೆಯೆಂಬುದು ಯಡ್ರಾಮಿ ರಸ್ತೆಯಲ್ಲಿ ರಾತ್ರಿ ಪಂಚರ್ ಆದಾಗ ಗೊತ್ತಾಗುತ್ತದೆ.

ರಸ್ತೆ ಮತ್ತು ಮೀಟರು

ಈ ಮೂರೂ ತಾಲ್ಲೂಕುಗಳ ನೆಲದಲ್ಲಿ ಎರೆಮಣ್ಣೇ ಹೆಚ್ಚು. ಮಳೆಗೆ ಅದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಅದರ ಹಿಂದೆಯೇ ಏರಿಳಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೈಲರ್ ಎಳೆಯುವ ಟ್ರ್ಯಾಕ್ಟರುಗಳು ಉಳಿದ ಕೆಲಸ ಮುಗಿಸುತ್ತವೆ. ಇಂಥ ಗುಂಡಿಯ ಪೆಟ್ಟನ್ನು ಮೊದಲು ತಿನ್ನುವುದು ಟೈರಿನ ಪಕ್ಕೆ. ಕಂಪನಿಯ ಟೈರಿನಲ್ಲಿ ಅದು 114 ಮಿಲಿಮೀಟರ್. 16 ಇಂಚಿನ ಗಾಲಿಗೆ 195/45 ಹಾಕಿದವನಿಗೆ ಉಳಿಯುವುದು 88. ಕಡಿಮೆಯಾದ ಒಂದು ಇಂಚಿನ ಪೆಟ್ಟು ಗಾಲಿಗೆ, ಅಲ್ಲಿಂದ ಸೊಂಟಕ್ಕೆ ಹೋಗುತ್ತದೆ. ಕಬ್ಬಿಣದ ಗಾಲಿ ಮಣಿದರೆ ಸುತ್ತಿಗೆಯಿಂದ ಸರಿಮಾಡಬಹುದು. ಅಲಾಯ್ ಮಣಿದರೆ ಬೆಂಡ್ ತೆಗೆಯುವವರನ್ನು ಹುಡುಕಬೇಕು, ಬಿರುಕು ಬಿಟ್ಟರೆ ಬಿಸಾಡಬೇಕು. ಹೀಗಾಗಿ ಗುಂಡಿ ಕಂಡಲ್ಲಿ ಇವನು ಕಾರು ನಿಲ್ಲಿಸಿ, ಇಳಿದು, ಆಳ ನೋಡಿ, ಹತ್ತಿ, ಸುತ್ತಿ ಹೋಗುತ್ತಾನೆ. ಹಿಂದೆ ಬರುವ ಬಸ್ಸಿನವರು ಯಾರೋ ತೀರಿಕೊಂಡರೇನೋ ಎಂದು ಟೊಪ್ಪಿಗೆ ತೆಗೆಯುತ್ತಾರೆ.

ಆದರೆ ಇವನ ನಿಜವಾದ ಸಂಕಟ ರಸ್ತೆಯಲ್ಲಿಲ್ಲ, ಮೀಟರಿನಲ್ಲಿದೆ. ದೊಡ್ಡ ಗಾಲಿ ಸಾಮಾನ್ಯವಾಗಿ ಹೆಚ್ಚು ತೂಕ, ಅದರ ತೂಕ ಅಂಚಿಗೆ ಸರಿದಷ್ಟೂ ತಿರುಗಿಸಲು ಶಕ್ತಿ ಹೆಚ್ಚು. ಅಗಲ ಟೈರು ನೆಲಕ್ಕೆ ಹೆಚ್ಚು ಅಂಟುತ್ತದೆ, ತೆರೆದ ಕಡ್ಡಿಗಳು ಗಾಳಿ ಕಲಕುತ್ತವೆ. ಅಮೆರಿಕದ ‘ಕಾರ್ ಆ್ಯಂಡ್ ಡ್ರೈವರ್’ ಪತ್ರಿಕೆ 2010ರಲ್ಲಿ ಒಂದೇ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿಗೆ 15 ಇಂಚಿನಿಂದ 19 ಇಂಚಿನವರೆಗೆ ಗಾಲಿ ಬದಲಿಸಿ ಓಡಿಸಿದಾಗ ಮೈಲೇಜು ಶೇ 10ರಷ್ಟು ಕುಸಿದಿತ್ತು. ಪೆಟ್ರೋಲಿನ ಕಾಲದಲ್ಲಿ ಇಂಥ ನಷ್ಟ ಬಂಕಿನಲ್ಲಿ ಕರಗಿಹೋಗುತ್ತಿತ್ತು, ಬೇಕಾದರೆ ಪೆಟ್ರೋಲಿನ ಕಲಬೆರಕೆಯ ಮೇಲೆ ಹಾಕಬಹುದಿತ್ತು. ಕರೆಂಟಿನ ಕಾರು ಆ ಅವಕಾಶ ಕೊಡುವುದಿಲ್ಲ. ಇನ್ನೆಷ್ಟು ಕಿಲೊಮೀಟರ್ ಉಳಿದಿದೆ ಎಂದು ಮುಖದೆದುರೇ ಬರೆದು ತೋರಿಸುತ್ತದೆ. ಶೋಕಿಯ ಬಾಬ್ತು ಕ್ಷಣಕ್ಷಣಕ್ಕೂ ಲೆಕ್ಕ ಒಪ್ಪಿಸುವ ವಾಹನ ಬಂಡಿಯ ಕಾಲದಿಂದ ಈವರೆಗೆ ಇದೊಂದೇ.

ಟಿಗೋರ್ ಬಂದಾಗ ಕಂಪನಿ ಹೇಳಿದ ಪರೀಕ್ಷಾಕೊಠಡಿಯ 306 ಕಿಲೊಮೀಟರನ್ನು ಬದಿಗಿಟ್ಟು ನಿತ್ಯದ 200 ಎಂದೇ ಹಿಡಿದರೂ ಶೇ 10 ಅಂದರೆ 20 ಕಿಲೊಮೀಟರ್. ಜೇವರ್ಗಿಯವನಿಗೆ ಅರ್ಧ ದಾರಿ. 185/65 ಹಾಕಿಸಿದವನ ಗೋಳು ಇನ್ನೊಂದು. ಅವನ ಗಾಲಿ ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರು ಹಳೆಯ ಲೆಕ್ಕದಲ್ಲೇ ಎಣಿಸುತ್ತದೆ. 106 ಕಿಲೊಮೀಟರ್ ಓಡಿದರೂ 100 ಎನ್ನುತ್ತದೆ. ನಿಜವಾಗಿ ಆದದ್ದಕ್ಕಿಂತ ಹೆಚ್ಚು ನಷ್ಟ ತೋರಿ ಅವನು ಕಂಗಾಲಾಗುತ್ತಾನೆ. ಎಂಬತ್ತೆಂದು ತೋರಿಸುವಾಗ ಎಂಬತ್ತೈದರಲ್ಲಿ ಹೋಗುತ್ತಿರುವುದು ವೇಗ ಹಿಡಿಯುವ ಕ್ಯಾಮೆರಾಕ್ಕೆ ಮಾತ್ರ ತಿಳಿದಿರುತ್ತದೆ.

ಈ ನಷ್ಟವನ್ನು ಅವನು ಗಾಲಿಯ ತಲೆಗೆ ಕಟ್ಟುವುದಿಲ್ಲ. ಬಿಸಿಲು ಜಾಸ್ತಿ, ಎಸಿ ಎಳೆಯುತ್ತದೆ, ಮನೆಯ ಹದಿನೈದು ಆಂಪಿಯರಿನ ಪಾಯಿಂಟಿನಲ್ಲಿ ವೋಲ್ಟೇಜು ಇಳಿದಿತ್ತು ಎನ್ನುತ್ತಾನೆ. ಮೇ ತಿಂಗಳ ಕಲಬುರಗಿಯಲ್ಲಿ ಇವೆಲ್ಲ ನಿಜವೂ ಆಗಿರುವುದರಿಂದ ವಾದಕ್ಕೆ ಬರುವವರಿಲ್ಲ. ಕೊನೆಗೆ ಎಸಿ ಬಂದ್ ಮಾಡುತ್ತಾನೆ. ಕಿಟಕಿ ಇಳಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ, ಒಳಗೆ ಕೂತವರಿಗೆ ಕಾಣದ ಗಾಲಿಗಳ ಮೇಲೆ ಸಂಸಾರಸಮೇತ ಸಾಗುತ್ತಾನೆ.

ಕಾನೂನು ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ, ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕೆ ತಾಳೆಯಾಗದಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಕಂಪನಿಯೇ ಅದೇ ಮಾದರಿಯ ಮೇಲ್ದರ್ಜೆಗೆ ಕೊಡುವ ಅಳತೆಯೊಳಗೆ ಇದ್ದರೆ ತಕರಾರಿಗೆ ಎಡೆ ಕಡಿಮೆ. ಮಡ್‌ಗಾರ್ಡ್ ದಾಟಿ ಹೊರಬಂದ ಗಾಲಿಗೆ ಎಡೆ ಹೆಚ್ಚು. ಗಾಲಿ ಬದಲಿಸಿದ್ದನ್ನು ವಿಮೆಯವರಿಗೆ ತಿಳಿಸಿ ಪಾಲಿಸಿಯಲ್ಲಿ ಬರೆಸಬೇಕು. ಇಡೀ ಊರಿಗೆ ತೋರಿಸಿದ ಗಾಲಿಯನ್ನು ಗಾಲಿ ಸಾವ್ಕಾರ ಗುಟ್ಟಾಗಿಡುವುದು ವಿಮೆಯವರೊಬ್ಬರಿಂದ.

ಸಂತಾನ

ಬಿಚ್ಚಿದ ವೀಲ್ ಕ್ಯಾಪುಗಳು ಹೊಲದ ಮನೆ ಸೇರುತ್ತವೆ. ಒಂದು ರಂಜಣಿಗೆಯ ಮುಚ್ಚಳವಾಗುತ್ತದೆ, ಒಂದರಲ್ಲಿ ಕೋಳಿಗೆ ಕಾಳು ಹಾಕುತ್ತಾರೆ. ನಾಲ್ಕೈದು ವರ್ಷಕ್ಕೆ ಕಾರು ಮಾರಲು ನಿಂತಾಗ ಕೊಳ್ಳುವವನು ಕೇಳುವುದು ಬ್ಯಾಟರಿಯ ಆರೋಗ್ಯ. ಗಾಲಿಗೆ ರೂಪಾಯಿ ಕಟ್ಟುವುದಿಲ್ಲ. ಸಿಟ್ಟಿಗೆದ್ದ ಮಾಲೀಕ ಅಲಾಯ್ ಬಿಚ್ಚಿಕೊಂಡು ಕಬ್ಬಿಣದ ಗಾಲಿ ಹಾಕಿ ಮಾರುತ್ತಾನೆ. ಅಲಾಯನ್ನು ಮುಂದಿನ ಕಾರಿಗೆಂದು ಗೋಣಿಚೀಲದಲ್ಲಿ ಕಟ್ಟಿಡುತ್ತಾನೆ. ಮುಂದಿನ ಕಾರು ದೊಡ್ಡದು, ಅದಕ್ಕೆ ಐದು ಬೋಲ್ಟು. ಆಗ ಆ ಚೀಲ, ಹಳೆಯ ಪೆಟ್ರೋಲು ಕಾರೊಂದನ್ನು ಈಗಷ್ಟೇ ಕೊಂಡ ಅಳಿಯನಿಗೆ ಸಂಕ್ರಾಂತಿಯ ಉಡುಗೊರೆಯಾಗಿ ಹೋಗುತ್ತದೆ. ಅಳಿಯ ಗಾಲಿಗಳನ್ನು ಒರೆಸಿ ನೋಡಿ, ಟೈರಿನ ಅಂಗಡಿಯ ಹುಡುಗನಿಗೆ ಫೋನು ಹಚ್ಚಿ, ಇವು ಕೂಡ್ತಾವೇನೋ ಎಂದು ಕೇಳುತ್ತಾನೆ. ಪ್ರಭೇದ ಹರಡುವುದು ಈ ಕ್ರಮದಲ್ಲಿ.